ರುಮಾಲು ತೆಗೆದು ಒಳಗೆ ಬರಬೇಕು

"ರುಮಾಲ ತಗಿ ಅಂದ್ರ ತಗೀಬೇಕು!" ಟಾಕೀಜಿನ ಮಾಲಕ ಶ್ರೀಶೈಲಪ್ಪ ಗದರಿದ.

ಬಾಗಿಲಲ್ಲಿ ನಿಂತ ತರುಣ ಅಲ್ಲಾಡಲಿಲ್ಲ. ಕೈಯಲ್ಲಿ ಟಿಕೆಟು, ತಲೆಯ ಮೇಲೆ ಕೆಂಪು ರುಮಾಲು. ಹಿಂದೆ ಇಂಡಿ ಊರಿನ ಸಂತೆಗೆ ಬಂದ ಜನ ಮಧ್ಯಾಹ್ನದ ಆಟಕ್ಕೆ ಒತ್ತುತ್ತಿದ್ದರು.

ಗೇಟು ಕಾಯುವ ಭೀಮಣ್ಣ ಗೋಡೆಗೆ ಅಂಟಿ ನಿಂತಿದ್ದ. ಭೀಮಣ್ಣ ಎಂಬುದು ಅವನ ದನಿ ಕೇಳಿ ಜನ ಇಟ್ಟ ಹೆಸರು. "ಬರ್ರಿ, ಆಟ ಸುರುವಾತು!" ಎಂದು ಅವನು ಕೂಗಿದರೆ ಸಂತೆಯ ಆ ತುದಿಯ ಎತ್ತೂ ಕಿವಿ ನಿಮಿರಿಸುತ್ತಿತ್ತು. ಅಸಲಿ ಹೆಸರನ್ನು ಯಾರೂ ಕೇಳಿರಲಿಲ್ಲ, ಕೇಳದೆ ಹೇಳುವ ಪೈಕಿ ಅವನೂ ಅಲ್ಲ.

ಇವತ್ತು ಸಾಲಿನಲ್ಲಿ ಯಾರೋ ಈ ತರುಣನನ್ನು "ನೀ ಸಾಲೋಟಗಿ ಲಕ್ಕವ್ವನ ಮಗಾ ಸಿದ್ದರಾಯ ಅಲ್ಲೇನೊ?" ಎಂದು ಮಾತನಾಡಿಸಿದ್ದೇ ತಡ, ಭೀಮಣ್ಣನ ಕೂಗು ಅರ್ಧಕ್ಕೇ ನಿಂತಿತ್ತು. ಹೆಗಲ ಮೇಲಿನ ಟಾವೆಲು ಮೂಗು ಬಾಯಿಗೆ ಏರಿತ್ತು. ಮಾಲಕ ಕೇಳಿದ್ದಕ್ಕೆ, "ಧೂಳ್ರಿ, ದನಿ ಬಿದ್ದೈತಿ," ಎಂದು ಪಿಸುಗುಟ್ಟಿದ್ದ.

ಸಿದ್ದರಾಯನ ಕಣ್ಣು ಪೋಸ್ಟರಿನ ಮೇಲಿರಲಿಲ್ಲ. ಒಂದೊಂದು ಕೂಗಿಗೂ ಕಿವಿಗೊಟ್ಟು ತಿರುಗಿ ತಿರುಗಿ ನೋಡುತ್ತಿದ್ದ. ಭೀಮಣ್ಣ ಅತ್ತಿತ್ತ ನೋಡಿದ. ಓಡಿಹೋಗೋಣವೆಂದರೆ ಇದ್ದದ್ದು ಒಂದೇ ಬಾಗಿಲು, ಅದರಲ್ಲಿ ಸಿದ್ದರಾಯ ನಿಂತಿದ್ದ.

"ಹಿಂದ ಕುಂತವರಿಗೆ ನಿನ್ನ ರುಮಾಲ ತೋರಸಾಕ ನಾ ಟಾಕೀಜ ಕಟ್ಟಿಲ್ಲ," ಎಂದ ಮಾಲಕ.

"ಕಟ್ಟಕಡೀಕ ಕುಂಡರ್ತೇನ್ರಿ."

"ಒಬ್ಬಗ ಬಿಟ್ರ ನಾಳೆ ಊರಿಗೆಲ್ಲಾ ಬಿಡಬೇಕಾಕ್ಕೈತಿ."

"ರೊಕ್ಕಾ ಕೊಟ್ಟು ಟಿಕೇಟ ತಗೊಂಡೇನಿ. ನನ್ನ ತೆಲಿ ಮ್ಯಾಲೆ ನಿಮ್ಮ ಹುಕುಂ ಏನ್ರಿ?"

"ಟಾಕೀಜ ನಂದು, ಕಾಯ್ದೆ ನಂದು."

ಸಿದ್ದರಾಯ ಗೋಡೆಯ ಕಡೆ ಕೈ ತೋರಿಸಿದ. "ಇಂವ ಮಾರಿ ಮುಚ್ಚಿಕೊಂಡು ನಿಂತಾನಲ್ರಿ, ಇವಗಿಲ್ಲೇನು ಕಾಯ್ದೆ?"

ಭೀಮಣ್ಣ ಟಾವೆಲನ್ನು ಕಣ್ಣಿನ ತನಕ ಎಳೆದುಕೊಂಡ.

"ಅಂವ ಗಿರಾಕಿ ಅಲ್ಲ," ಎಂದ ಮಾಲಕ. ಅವನಿಗೀಗ ಬೇರೆಯೇ ಗುಮಾನಿ ಬಂದಿತ್ತು. ಹೋದ ಸಂತೆಯಲ್ಲಿ ಇದೇ ಬಾಗಿಲಲ್ಲಿ ಒಬ್ಬನ ರುಮಾಲಿನಿಂದ ಚಾಕು ಹೊರಬಂದಿತ್ತು. "ಇಷ್ಟು ಹಟಾ ಮಾಡ್ತಾನಂದ್ರ ಅದರಾಗ ಏನೋ ಐತಿ. ಭೀಮಣ್ಣಾ, ಬಿಚ್ಚು. ಇಲ್ಲಾಂದ್ರ ನಾಳಿಂದ ನೀನೂ ಬರಬ್ಯಾಡ."

ಅತ್ತ ದರಿ, ಇತ್ತ ಪುಲಿ. ಈ ಟಾಕೀಜು ಬಿಟ್ಟರೆ ಮಲಗಲು ಭೀಮಣ್ಣನಿಗೆ ಇನ್ನೊಂದು ಸೂರಿರಲಿಲ್ಲ. ಕಣ್ಣು ಮುಚ್ಚಿ ಕೈ ಚಾಚಿದ. ಸಿದ್ದರಾಯ ಆ ಕೈ ತಡೆಯಬಹುದಿತ್ತು. ಬಡವನ ಹೊಟ್ಟೆಪಾಡು ಎಂದು ಪಾಪ ಅನ್ನಿಸಿತೋ ಏನೋ, ತಡೆಯಲಿಲ್ಲ.

ರುಮಾಲು ಸುತ್ತುಸುತ್ತಾಗಿ ಬಿಚ್ಚಿಕೊಂಡಿತು. ಚಾಕು ಇರಲಿಲ್ಲ. ಏನೂ ಇರಲಿಲ್ಲ. ಜನ ನಕ್ಕರು. ಸಿದ್ದರಾಯ ಎರಡೂ ಕೈಯಿಂದ ಬರಿದಲೆ ಮುಚ್ಚಿಕೊಂಡ.

ಮಾಲಕನಿಗೆ ಕಸಿವಿಸಿಯಾಯಿತು. "ಏನೂ ಇಲ್ಲಲ್ಲೊ! ಮತ್ಯಾಕ ಇಷ್ಟು ಹಟಾ?"

"ನಮ್ಮ ಮನ್ಯಾಗ ಅಪ್ಪ ಸತ್ತಾಗ ಅಷ್ಟ ತೆಲಿ ಬರಿದ ಮಾಡ್ತೇವ್ರಿ. ನಮ್ಮಪ್ಪ ನಾಟಕದ ಹುಚ್ಚಿಗೆ ಹೊಲಾ ಮಾರಿ ಹೋದಾವ ತಿರುಗಿ ಬರಲಿಲ್ಲ. ನಾ ಆವಾಗ ಸಣ್ಣಾವ. ಸತ್ತಾನ, ದಿನಕರ್ಮಾ ಮಾಡ್ರಿ ಅಂತ ಊರೆಲ್ಲಾ ಅಂತು. ಅವ್ವ ಕುಂಕುಮ ಅಳಸಲಿಲ್ಲ, ನಾ ರುಮಾಲ ತಗೀಲಿಲ್ಲ." ಅವನು ಭೀಮಣ್ಣನ ಕಡೆ ತಿರುಗಿದ. "ಅವನ ಮಾರಿ ನೆನಪಿಲ್ರಿ, ದನಿ ನೆನಪೈತಿ. ಅಂಥಾ ದನಿ ಈ ಬಾಗಲಾಗ ಕೂಗತೈತಿ ಅಂತ ಯಾರೋ ಅಂದ್ರು. ಕೇಳಿ ಹೋಗೂಣಂತ ಬಂದೆ. ನೋಡಿದ್ರ ಈ ಗೇಟಿನವಗ ದನೀನ ಇಲ್ಲ."

ಭೀಮಣ್ಣನ ಕೈಯಿಂದ ರುಮಾಲು ತೆಗೆದುಕೊಂಡ. ಮತ್ತೆ ಸುತ್ತಿಕೊಳ್ಳಲಿಲ್ಲ, ಹೆಗಲಿಗೆ ಹಾಕಿಕೊಂಡ.

"ತೆಲಿ ಬರಿದಾತು. ಇನ್ನ ಅಪ್ಪ ಇಲ್ಲಂತ ಅವ್ವಗ ಹೇಳತೇನಿ," ಎಂದು ಸಂತೆಯ ಜನದೊಳಗೆ ನಡೆದುಬಿಟ್ಟ.

ಭೀಮಣ್ಣ ಟಾವೆಲು ಕಿತ್ತೆಸೆದು, ಮಗನ ಹೆಸರು ಹಿಡಿದು ಕೂಗಲು ಬಾಯಿ ತೆರೆದ. ಈ ಸಲ ದನಿ ನಿಜವಾಗಿಯೂ ಹೊರಡಲಿಲ್ಲ.