ಕುಂಡಕ್ಕೆ ಐಸ್

ಐಸ್ ಟ್ರೇ ತಿರುಚಿದಾಗ ಬರುವ ಲಟಲಟ ಸದ್ದಿಗೆ ಈಗಲೂ ನನ್ನ ಮುಖ ತಾನಾಗಿ ಮೇಲೇಳುತ್ತದೆ.

ನೈರೋಬಿಯ ಹೈರಿಡ್ಜ್‌ನ ನಮ್ಮ ಮನೆಯ ಹಿಂದೆ, ಬೆಣ್ಣೆಹಣ್ಣಿನ ಮರದ ನೆರಳಲ್ಲಿ ಹೆಲೆಬೋರ್ ಎಂಬ ಚಳಿದೇಶದ ಹೂಗಿಡದ ಒಂದು ಕುಂಡವಿತ್ತು. ಕರೆನ್ ಬಡಾವಣೆಯ ನರ್ಸರಿಯಲ್ಲಿ ಅಕ್ಕ ಹಟ ಮಾಡಿ ಕೊಡಿಸಿಕೊಂಡಿದ್ದ ಗಿಡ. ಒಳ್ಳೆಯ ಚಳಿ ತಾಗದೆ ಅದು ಹೂ ಬಿಡುವುದಿಲ್ಲವೆಂದು ನರ್ಸರಿಯವರು ಮೊದಲೇ ಹೇಳಿದ್ದರು. ಹೂ ನೋಡುವ ಮುಂಚೆಯೇ ಅಕ್ಕ ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಅಮ್ಮ ದಿನಾ ಮಧ್ಯಾಹ್ನ ಆ ಮಣ್ಣಿನ ಮೇಲೆ ಐಸ್ ತುಂಡುಗಳನ್ನು ಜೋಡಿಸತೊಡಗಿದಳು.

"ಅಮ್ಮಾ, ಇಟ್ ವೋಂಟ್ ವರ್ಕ್," ಎಂದೆ ಒಮ್ಮೆ.

"ಇದು ನೈರೋಬಿ ಅಂತ ಅದಕ್ಕೇನ್ ಗೊತ್ತಾಗತ್ತೆ? ಸುಮ್ನಿರು ನೀನು. ಎಲೆ ಮುಟ್ಟಿದ್ಯಾ? ಹೋಗಿ ಕೈ ತೊಳ್ಕೊ, ವಿಷ ಅದು."

ಮನೆಗೆಲಸದ ವಾಂಜಿರು ಮಾತ್ರ "ಪೋಲೆ, ಮಾಮಾ" ಎಂದು ಸ್ವಾಹಿಲಿಯಲ್ಲಿ ಅಮ್ಮನಿಗೆ ಸಮಾಧಾನ ಹೇಳಿ, ಟ್ರೇಗೆ ಮತ್ತೆ ನೀರು ತುಂಬಿಡುತ್ತಿದ್ದಳು.

ಜುಲೈನ ಮೋಡ ಕವಿದ ಒಂದು ಮಧ್ಯಾಹ್ನ ನಾನೇ ಟ್ರೇ ಹಿಡಿದು ಅಮ್ಮನ ಹಿಂದೆ ಹೋದೆ. ಒಂದೇ ಒಂದು ಹೂ ಬಿಟ್ಟಿತ್ತು. ಪೆಟ್ಟು ಬಿದ್ದು ಕಂದಿದಂಥ ನೇರಳೆ ಬಣ್ಣ, ಮುಖ ಪೂರ್ತಿ ನೆಲಕ್ಕೆ. ಅಮ್ಮ ಕುಕ್ಕರಗಾಲಲ್ಲಿ ಕೂತಳು. ಸ್ಕೂಲಿಗೆ ಹೊರಡುವಾಗ ಬೊಟ್ಟಿಡಲು ನಮ್ಮಿಬ್ಬರ ಗಲ್ಲ ಎತ್ತುತ್ತಿದ್ದ ಹಾಗೆಯೇ, ಒಂದು ಬೆರಳಿನಿಂದ ಹೂವನ್ನು ಮೆಲ್ಲಗೆ ಎತ್ತಿದಳು.

"ಎಲ್ಲಿ, ಮುಖ ಎತ್ತು ಪುಟ್ಟೀ."

ಅಕ್ಕ ಹೋದಂದಿನಿಂದ ಅಮ್ಮ ನನಗೆ ಬೊಟ್ಟು ಇಟ್ಟಿರಲಿಲ್ಲ. ಅವಳ ಬೆನ್ನ ಹಿಂದೆ ನಿಂತಿದ್ದ ನಾನು ಮುಖ ಎತ್ತಿದೆ.

ಟ್ರೇಯ ಐಸೆಲ್ಲ ಕರಗಿ ಮೊಣಕೈಯಿಂದ ತೊಟ್ಟಿಕ್ಕುವವರೆಗೂ ಹಾಗೇ ನಿಂತಿದ್ದೆ. ಅಮ್ಮ ತಿರುಗಿ ನೋಡಲಿಲ್ಲ.