ನಾಡಿ ಉಂಟು

"ಹೆಬ್ಬೆರಳು ತೆಗಿ ಮಾರಾಯ್ತಿ," ಎಂದರು ಪ್ರೆಸಿಲ್ಲಾ ಸಿಸ್ಟರ್. ಮಿಸ್ರಿಯಾ ಪಕ್ಕದ ಹುಡುಗಿಯ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದಳು. "ಎರಡು ಬೆರಳಲ್ಲಿ ನೋಡ್ಬೇಕು. ಹೆಬ್ಬೆರಳಲ್ಲಿ ನೋಡಿದ್ರೆ ನಿನಗೆ ಸಿಗುವುದು ನಿಂದೇ ನಾಡಿ, ಪೇಶೆಂಟಿಂದಲ್ಲ."

ಡ್ರೈವರ್‌ಗಳ, ಕ್ಲೀನರ್‌ಗಳ ಮಕ್ಕಳೇ ತುಂಬಿದ್ದ ಗಲ್ಫಿನ ಬಿನ್ ಒಮ್ರಾನಿನ ಆ ನರ್ಸಿಂಗ್ ಕ್ಲಾಸು ನಕ್ಕಿತು. ಮಿಸ್ರಿಯಾ ನಗಲಿಲ್ಲ. ಅಲ್ ವುಕೈರಿನ ಮನೆಯಲ್ಲಿ ತಂದೆ, ಅವಳ ಉಪ್ಪ, ಕುಸಿದು ಬಿದ್ದ ಮಧ್ಯಾಹ್ನ, ಆಂಬುಲೆನ್ಸ್ ಬರುವವರೆಗೂ ಅವರ ಮಣಿಕಟ್ಟನ್ನು ಬಿಡದೆ ಹಿಡಿದಿದ್ದವಳು ಅವಳೇ. ಪಕ್ಕದ ಮನೆಯ ಜಾಬಿರ್ ಎದೆ ಒತ್ತಲು ಬಗ್ಗಿದಾಗ, "ಬೇಡ, ನಾಡಿ ಉಂಟು," ಎಂದು ಅವನ ಕೈ ತಳ್ಳಿದ್ದಳು. "ನಾಡಿ ಉಂಟು, ಹೆದರ್ಬೇಡ ಉಮ್ಮಾ."

ಉಮ್ಮ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ: "ಮಗಳು ಕೈ ಹಿಡಿದಿದ್ದಷ್ಟು ಹೊತ್ತು ಅವರಿಗೆ ಜೀವ ಇತ್ತು." ಆ ಮಾತು ಕೇಳಿಯೇ ಊರಿನ ಸಂಘದವರು, ಈ ಹುಡುಗಿ ನರ್ಸ್ ಆಗಬೇಕಾದವಳೆಂದು ಹೇಳಿ, ಈ ತರಬೇತಿಯಲ್ಲಿ ಉಚಿತ ಸೀಟು ಕೊಡಿಸಿದ್ದರು.

ಊಟದ ಬಿಡುವಿಗೆ ಎಲ್ಲರೂ ಎದ್ದುಹೋದರು. ಎದೆ ಒತ್ತುವುದನ್ನು ಕಲಿಸಲು ತಂದಿದ್ದ ಪ್ಲಾಸ್ಟಿಕ್ ಗೊಂಬೆ ಮೇಜಿನ ಮೇಲೆ ಬಾಯಿ ತೆರೆದು ಮಲಗಿತ್ತು. ಮಿಸ್ರಿಯಾ ಹತ್ತಿರ ಹೋಗಿ, ಎಸಿಯ ಗಾಳಿಗೆ ತಣ್ಣಗಾಗಿದ್ದ ಅದರ ಮಣಿಕಟ್ಟನ್ನು ಹಿಡಿದಳು. ಅಂದಿನಂತೆಯೇ ಹೆಬ್ಬೆರಳನ್ನು ಅದರ ಮೇಲಿಟ್ಟು ಮೆಲ್ಲನೆ ಒತ್ತಿ ಕಾದಳು.

ಗೊಂಬೆಯ ನಾಡಿ ಬಡಿಯುತ್ತಿತ್ತು, ಅಂದು ಉಪ್ಪನದು ಬಡಿದಷ್ಟೇ ಚೆನ್ನಾಗಿ.