ಕಲಾಯಿಯವನ ಹೆಂಡತಿಯ ತವರು

"ಈ ಒಂದು ಗೆರೆ ತುಂಬದೆ ನಾನಂತೂ ಸಾಯೋಳಲ್ಲ," ಎಂದು ಡೊರೀನ್ ಫಾರ್ಮನ್ನು ಮತ್ತೆ ಕೈಚೀಲಕ್ಕೆ ತುರುಕಿದಳು. ಅಂತ್ಯಕ್ರಿಯೆಯ ಕಂಪನಿಯವರು ಕಳಿಸಿದ ಫಾರ್ಮು. ಯಾವ ಹಾಡು, ಯಾವ ಹೂವು ಎಂಬುದನ್ನೆಲ್ಲ ಬರೆದಾಗಿತ್ತು. ಬೂದಿ ಎಲ್ಲಿಗೆ ಎಂಬ ಗೆರೆ ಮಾತ್ರ ಖಾಲಿ. ಖಾಲಿ ಬಿಟ್ಟರೆ ಚಿತಾಗಾರದ ಹಿಂದಿನ ತೋಟದಲ್ಲಿ ಹತ್ತರ ಜೊತೆ ಹನ್ನೊಂದು ಎಂದು ಚೆಲ್ಲುತ್ತಾರೆ. ಎಂಬತ್ತನಾಲ್ಕರ ಅವಳಿಗೆ ಡಾಕ್ಟರು ಕ್ರಿಸ್‌ಮಸ್‌ವರೆಗೆ ಎಂದಿದ್ದರು, ಈಗಾಗಲೇ ಸೆಪ್ಟೆಂಬರ್. ತನ್ನ ಮನೆತನದ ಊರಿನ ಮಣ್ಣಿಗೇ ಸೇರಬೇಕೆಂದು ಅವಳ ಹಠ. ಆ ಊರು ಯಾವುದೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅವಳನ್ನು ಮ್ಯಾಟ್ಲಾಕ್‌ನ ದಾಖಲೆ ಕಚೇರಿಗೆ ಕಾರಿನಲ್ಲಿ ಕರೆತಂದವಳು ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಪಕ್ಕದ ಮನೆಯವಳಾದ ಚಂದ್ರಿಕಾ. "ನಮ್ಮ ಗೋತ್ರ ಕೇಳಿದ್ರೇ ತಡವರಿಸ್ತೀಯ, ನಿನಗೆ ಊರವರ ವಂಶವೃಕ್ಷ ಬೇರೆ ಕೇಡು," ಎಂದು ಗಂಡ ಡಾಕ್ಟರ್ ಹರಿಪ್ರಸಾದ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಛೇಡಿಸಿದ್ದ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ಚಂದ್ರಿಕಾಳ ಜಾಯಮಾನವಲ್ಲ. ಹಾಗೆಂದು ಗೊತ್ತಿದ್ದೂ ಛೇಡಿಸುವುದು ಅವನ ಜಾಯಮಾನ.

ಡೊರೀನಳ ಮುತ್ತಜ್ಜನ ಅಪ್ಪ ಜೋಸೆಫ್ ಪ್ಲಾಟ್ಸ್ ಊರೂರು ಅಲೆದು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಏಳು ಮಕ್ಕಳು, ಏಳು ಊರಿನ ಚರ್ಚುಗಳಲ್ಲಿ ನಾಮಕರಣ. ರಿಜಿಸ್ಟರಿನಲ್ಲಿ ವಾಸಸ್ಥಳದ ಮುಂದೆ ಏಳೂ ಕಡೆ ಒಂದೇ ಮಾತು: ಅಲೆಮಾರಿ. ಒಂಬತ್ತು ವರ್ಷ ಅವನ ಬೆನ್ನು ಹತ್ತಿ ಡೊರೀನ್ ಸುಸ್ತಾಗಿದ್ದಳು. ಹೋದ ತಿಂಗಳು ಅಡುಗೆಮನೆಯ ಮೇಜಿನ ಮೇಲೆ ಆ ಪಟ್ಟಿ ನೋಡಿದ ಚಂದ್ರಿಕಾ ಬೆರಳಿಟ್ಟದ್ದು ಬೇರೆ ಕಡೆ. ಜೋಸೆಫನಿಗೂ ಹ್ಯಾನಾಳಿಗೂ ಮದುವೆಯಾದದ್ದು ೧೮೨೧ರಲ್ಲಿ. ಪಟ್ಟಿಯ ಮೊದಲ ಮಗು ಹುಟ್ಟಿದ್ದು ೧೮೨೫ರಲ್ಲಿ.

"ಇದು ಚೊಚ್ಚಲು ಇರಲಾರದು ಡೊರೀನ್. ಮೊದಲನೇದು ಇನ್ನೆಲ್ಲೋ ಇದೆ," ಎಂದಿದ್ದಳು. "ಚೊಚ್ಚಲ ಹೆರಿಗೆಗೆ ನಮ್ಮಲ್ಲಿ ತವರಿಗೆ ಹೋಗ್ತಾರೆ. ಕಲಾಯಿ ಗಾಡಿ ಹಿಂದೆ ಹೋಗಿ ಎಲ್ಲೋ ಹೆತ್ಕೋ ಅಂತ ಯಾವ ತಾಯಿ ಬಿಡ್ತಾಳೆ? ಗಂಡನ್ನ ಹುಡುಕಿದ್ದು ಸಾಕು, ಹ್ಯಾನಾಳ ತಾಯಿ ಮನೆ ಹುಡುಕೋಣ." ತಾನು ಇಲ್ಲಿ ಹೆತ್ತಾಗ ಅಮ್ಮ ಲೇಹ್ಯ, ಬಜೆ, ಒಣಶುಂಠಿ ತುಂಬಿಕೊಂಡು ಮೈಸೂರಿನಿಂದ ತವರನ್ನೇ ಸೂಟ್‌ಕೇಸಿನಲ್ಲಿ ಹೊತ್ತು ತಂದದ್ದನ್ನೂ ಹೇಳಿದ್ದಳು. ಡೊರೀನ್ ಬಿದ್ದುಬಿದ್ದು ನಕ್ಕು, ಕೊನೆಗೆ ಕೆಮ್ಮಿ ಕೆಮ್ಮಿ ಸುಮ್ಮನಾಗಿದ್ದಳು.

ಹ್ಯಾನಾಳ ತವರಿನ ಹೆಸರು ಔಟ್ರಮ್. ಆ ಹೆಸರಿನ ಮನೆಗಳು ಆಗ ಇದ್ದದ್ದು ಗುಡ್ಡದ ಮೇಲಿನ ಮೂರೇ ಹಳ್ಳಿಗಳಲ್ಲಿ. ಎರಡರ ರಿಜಿಸ್ಟರುಗಳನ್ನು ಕಂಪ್ಯೂಟರಿನಲ್ಲೇ ಜಾಲಾಡಿ ಆಗಿತ್ತು, ಏನೂ ಸಿಕ್ಕಿರಲಿಲ್ಲ. ಮೂರನೆಯದಾದ ಆಶ್‌ಲೋ ಇನ್ನೂ ಫಿಲ್ಮಿನ ಸುರುಳಿಯಲ್ಲೇ ಇತ್ತು. ಚಂದ್ರಿಕಾ ಬೆಳಿಗ್ಗೆಯಿಂದ ಸುರುಳಿಯನ್ನು ಪರದೆಯ ಮೇಲೆ ತೋರಿಸುವ ಯಂತ್ರದ ಹಿಡಿಕೆ ತಿರುಗಿಸುತ್ತ ಪಾದ್ರಿಯ ಕಾಗೆಕಾಲಿನ ಅಕ್ಷರಗಳನ್ನು ಸಾಲುಸಾಲಾಗಿ ಓದುತ್ತಿದ್ದಳು. ಪಕ್ಕದಲ್ಲಿ ಡೊರೀನ್ ತೂಕಡಿಸದೆ ಕೂತಿದ್ದಳು, ಅದೇ ಆಶ್ಚರ್ಯ. ಮಧ್ಯಾಹ್ನ ಎರಡರ ಹೊತ್ತಿಗೆ ಚಂದ್ರಿಕಾಳ ಕೈ ನಿಂತಿತು.

"೧೮೨೨, ಅಕ್ಟೋಬರ್ ಆರು. ಮೇರಿ. ಜೋಸೆಫ್ ಮತ್ತು ಹ್ಯಾನಾ ಪ್ಲಾಟ್ಸ್ ಅವರ ಮಗಳು. ತಂದೆಯ ಕಸುಬು ಕಲಾಯಿ." ವಾಸಸ್ಥಳದ ಮುಂದೆ ಅಲೆಮಾರಿ ಎಂದಿರಲಿಲ್ಲ. ವಿಧವೆ ಔಟ್ರಮ್ ಮನೆಯಲ್ಲಿ ಎಂದಿತ್ತು.

ಡೊರೀನ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಎರಡು ಸಲ ಓದಿದಳು. ಕಣ್ಣೊರೆಸಿಕೊಂಡು ಫಾರ್ಮು ಮತ್ತು ಪೆನ್ನು ತೆಗೆದಳು. ಚಂದ್ರಿಕಾಳನ್ನು ಮಾತ್ರ ಒಂದು ವಿಷಯ ಕೊರೆಯುತ್ತಿತ್ತು. ಈ ಮೇರಿಯ ಹೆಸರು ಆಮೇಲೆ ಎಲ್ಲಿಯೂ ಇಲ್ಲವಲ್ಲ. ನೀರಿಗಿಳಿದ ಮೇಲೆ ಚಳಿಯೇನು ಎಂದುಕೊಂಡು ಹೂಳಿದವರ ಸುರುಳಿಯನ್ನೂ ಹಾಕಿದಳು. ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅದೇ ಅಕ್ಟೋಬರ್ ಇಪ್ಪತ್ತೆರಡು, ಮೇರಿ ಪ್ಲಾಟ್ಸ್, ವಯಸ್ಸು ಮೂರು ವಾರ. ಹೇಳಲೋ ಬೇಡವೋ ಎಂದು ಅವಳು ಅನುಮಾನಿಸುತ್ತಿದ್ದಾಗಲೇ ಡೊರೀನ್ ಅದನ್ನು ಓದಿಯಾಗಿತ್ತು.

ಆಮೇಲೆ ಡೊರೀನ್, ನಿಮ್ಮಲ್ಲಿ ಹೆತ್ತ ಮಗಳನ್ನು ತಾಯಿ ಮನೆಯಿಂದ ಹೇಗೆ ಕಳಿಸುತ್ತಾರೆ ಎಂದು ಕೇಳಿದಳು.

"ಮಡಿಲು ತುಂಬಿ ಕಳಿಸ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕ್ತಾರೆ. ತವರಿನಿಂದ ಬರಿ ಮಡಿಲಲ್ಲಿ ಹೋಗಬಾರದು," ಎಂದ ಚಂದ್ರಿಕಾ ಅಲ್ಲಿಗೇ ಮಾತು ತಡೆದಳು.

ಡೊರೀನ್ ತನ್ನ ಹಳೆಯ ಪಟ್ಟಿಯನ್ನು ಬಿಡಿಸಿ, ಏಳು ಊರುಗಳ ಮೇಲೂ ಒಂದೊಂದಾಗಿ ಬೆರಳಾಡಿಸಿದಳು. ಅವುಗಳಲ್ಲಿ ಆಶ್‌ಲೋ ಇರಲಿಲ್ಲ.

"ಆಮೇಲೆ ಹ್ಯಾನಾ ಏಳು ಹೆತ್ತಳು. ಒಂದು ಸಲವೂ ತಾಯಿ ಮನೆಗೆ ಹೋಗಲಿಲ್ಲ," ಎಂದಳು. ಖಾಲಿ ಗೆರೆಯ ಮೇಲೆ ಆಶ್‌ಲೋ ಎಂದು ಬರೆದು, ಒಂದು ಕ್ಷಣ ಯೋಚಿಸಿ, ಅದರ ಮುಂದೆ ಮೇರಿ ಇರುವಲ್ಲಿ ಎಂದು ಸೇರಿಸಿದಳು. ಫಾರ್ಮನ್ನು ಮಡಿಚಿ ಚಂದ್ರಿಕಾಳ ಕೈಗಿಟ್ಟಳು.

"ಹ್ಯಾನಾಳ ಬದಲಿಗೆ ನಾನು ಹೋಗ್ತೀನಿ. ಅವತ್ತು ನೀನೂ ಬರ್ತೀಯಲ್ಲ, ಬರುವಾಗ ಒಂದು ಹಿಡಿ ಅಕ್ಕಿ ತಾ."